ತಾಯಿಯ ರಕ್ತದಿಂದ ಭ್ರೂಣದ ವರ್ಣತಂತು ಪರೀಕ್ಷೆ (ಎನ್‌ಐಪಿಟಿ)

ಗರ್ಭಿಣಿಯ ತೋಳಿನಿಂದ ತೆಗೆದ ರಕ್ತದಲ್ಲೇ ಭ್ರೂಣದ ವರ್ಣತಂತುಗಳ ಏರುಪೇರನ್ನು ಅಂದಾಜಿಸುವ ಪರೀಕ್ಷೆ. ಗರ್ಭದ 10ನೇ ವಾರದಿಂದ ಮಾಡಬಹುದು. 21, 18 ಅಥವಾ 13ನೇ ವರ್ಣತಂತು ಎರಡರ ಬದಲು ಮೂರಿದ್ದಾಗ ಬರುವ ಡೌನ್, ಎಡ್ವರ್ಡ್ಸ್, ಪಟಾವ್ ಸಿಂಡ್ರೋಮ್‌ಗಳ ಸಾಧ್ಯತೆ ತಿಳಿಯುವುದು ಇದರ ಮುಖ್ಯ ಉದ್ದೇಶ.

ಡೌನ್ ಸಿಂಡ್ರೋಮ್‌ಗೆ ಹೆಚ್ಚುವರಿ 21ನೇ ವರ್ಣತಂತು ಕಾರಣವೆಂದು 1959ರಲ್ಲಿ ಪ್ಯಾರಿಸ್‌ನಲ್ಲಿ ಗೊತ್ತಾಯಿತು. 1960ರ ದಶಕದಲ್ಲಿ ಗರ್ಭದ ನೀರನ್ನು ಸೂಜಿಯಿಂದ ತೆಗೆದು ವರ್ಣತಂತು ನೋಡುವ ಆಮ್ನಿಯೋಸೆಂಟೆಸಿಸ್ ಬಂತು. ಅದರಲ್ಲಿ ಗರ್ಭಪಾತದ ಅಪಾಯ ಅಲ್ಪವಾದರೂ ಉಂಟು. ಹಾಗಾಗಿ ತಾಯಿಯ ರಕ್ತದಲ್ಲಿ ತೇಲುವ ಭ್ರೂಣದ ಜೀವಕೋಶಗಳನ್ನೇ ಹಿಡಿಯುವ ಪ್ರಯತ್ನ ಹಲವೆಡೆ ನಡೆಯಿತು. ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಪ್ರಸೂತಿತಜ್ಞ ಮಹೇಶ್ ಚೂಲಾನಿ ಅವರ ತಂಡ ಭ್ರೂಣದ ಕೆಂಪು ರಕ್ತಕಣಗಳನ್ನು ಬೇರ್ಪಡಿಸಲು ದುಡಿಯಿತು. ಆದರೆ ಅಂಥ ಕೋಶಗಳು ತೀರ ವಿರಳ.

ದಾರಿ ತೆರೆದದ್ದು ಕೋಶದಿಂದ ಹೊರಬಿದ್ದ ಡಿಎನ್‌ಎ. 1997ರಲ್ಲಿ ಡೆನಿಸ್ ಲೋ ಮತ್ತು ಸಂಗಡಿಗರು ಗಂಡು ಭ್ರೂಣ ಹೊತ್ತ ತಾಯಂದಿರ ರಕ್ತದ್ರವದಲ್ಲಿ ವೈ ವರ್ಣತಂತುವಿನ ತುಣುಕುಗಳನ್ನು ಕಂಡರು. ಈ ಡಿಎನ್‌ಎ ಬರುವುದು ಮುಖ್ಯವಾಗಿ ಮಾಸಿನಿಂದ. ಹೆರಿಗೆಯಾದ ಮೇಲೆ ಬೇಗ ಮಾಯವಾಗುತ್ತದೆ. 2008ರಲ್ಲಿ ಹಾಂಗ್‌ಕಾಂಗ್‌ನ ಲೋ ತಂಡವೂ ಸ್ಟ್ಯಾನ್‌ಫರ್ಡ್‌ನ ಸ್ಟೀಫನ್ ಕ್ವೇಕ್ ತಂಡವೂ ಲಕ್ಷಾಂತರ ತುಣುಕುಗಳನ್ನು ಓದಿ, ಯಾವ ವರ್ಣತಂತುವಿನವು ಎಷ್ಟೆಂದು ಎಣಿಸುವ ವಿಧಾನವನ್ನು ತೋರಿಸಿದವು. ರಕ್ತದ್ರವದ ಡಿಎನ್‌ಎಯಲ್ಲಿ ಭ್ರೂಣದ ಪಾಲು ಶೇ. 10 ಇದ್ದರೆ, ಡೌನ್ ಸಿಂಡ್ರೋಮ್ ಇರುವಲ್ಲಿ 21ನೇ ವರ್ಣತಂತುವಿನ ತುಣುಕುಗಳು ಶೇ. 5ರಷ್ಟು ಮಾತ್ರ ಹೆಚ್ಚುತ್ತವೆ. ಅಷ್ಟು ಸಣ್ಣ ವ್ಯತ್ಯಾಸ ಹಿಡಿಯಲು ಅಪಾರ ಎಣಿಕೆಯೇ ಬೇಕು. 2011ರಲ್ಲಿ ಪರೀಕ್ಷೆ ಆಸ್ಪತ್ರೆಗಳಿಗೆ ಬಂತು.

ಸಿಂಗಪುರದಲ್ಲಿ ಸೆರಂಗೂನ್ ರಸ್ತೆ ಶುರುವಾಗುವಲ್ಲಿಗೆ ಸಮೀಪದ ಕೆಕೆ ಮಹಿಳಾ ಮತ್ತು ಮಕ್ಕಳ ಆಸ್ಪತ್ರೆಯಲ್ಲಿ ಇದು ಲಭ್ಯ. 1924ರಲ್ಲಿ ಹೆರಿಗೆ ಆಸ್ಪತ್ರೆಯಾದ ಈ ಸಂಸ್ಥೆ 1966ರಲ್ಲಿ ಸುಮಾರು 40 ಸಾವಿರ ಹೆರಿಗೆ ಮಾಡಿಸಿತ್ತು. 1997ರಲ್ಲಿ ಈಗಿನ ಕಟ್ಟಡಕ್ಕೆ ಬಂತು.

ಅಲ್ಲಿನ ಕನ್ನಡ ಕುಟುಂಬಗಳು ಗಮನಿಸಬೇಕಾದ ಭೇದವೊಂದಿದೆ. ಸಿಂಗಪುರದಲ್ಲಿ ವರದಿಯಿಂದ ಮಗುವಿನ ಲಿಂಗವನ್ನೂ ತಿಳಿಯಬಹುದು. ಭಾರತದಲ್ಲಿ 1994ರ ಕಾಯ್ದೆಯ ಪ್ರಕಾರ ಅದನ್ನು ತಿಳಿಸುವುದು ಅಪರಾಧ. ಹೆಣ್ಣುಭ್ರೂಣ ಹತ್ಯೆ ತಡೆಯಲು ಈ ನಿರ್ಬಂಧ ಅಗತ್ಯವಾಗಿದೆ.

ಡೌನ್ ಸಿಂಡ್ರೋಮ್‌ನ ಸುಮಾರು ಶೇ. 99 ಪ್ರಕರಣಗಳನ್ನು ಪರೀಕ್ಷೆ ಗುರುತಿಸುತ್ತದೆ. ಆದರೂ ಮಾಸಿನಲ್ಲಿರುವ ದೋಷ ಮಗುವಿನಲ್ಲಿ ಇಲ್ಲದೆಯೂ ಇರಬಹುದು. ಆದ್ದರಿಂದ ಸಂಶಯ ತೋರಿದಾಗ ಆಮ್ನಿಯೋಸೆಂಟೆಸಿಸ್‌ನಿಂದ ಖಚಿತಪಡಿಸಿ, ತಳಿಶಾಸ್ತ್ರ ಸಲಹೆಗಾರರೊಡನೆ ಮಾತಾಡುವ ಮುನ್ನ ಗರ್ಭದ ಬಗ್ಗೆ ಯಾವ ತೀರ್ಮಾನವನ್ನೂ ಮಾಡಬಾರದು.