ದಾಬೋಲಿಂ ದಾರಿಯಲ್ಲಿ ಬಂದ ತೆರೆದ ಜೀಪು

ವಾಸ್ಕೋ ಪಕ್ಕದ ದಾಬೋಲಿಂ ವಿಮಾನ ನಿಲ್ದಾಣದ ಹೊರಗೆ ನಿಂತ ಗಾಡಿಗಳ ನಂಬರ್ ಪ್ಲೇಟು ನೋಡಿದರೆ ಗೋವಾದ ಸಾರಿಗೆಯ ಇತಿಹಾಸ ಅರ್ಧ ಓದಿದಂತೆ. ಹಳದಿ ಪ್ಲೇಟಿನ ಮೇಲೆ ಕಪ್ಪು ಅಕ್ಷರವಿದ್ದರೆ ಅದು ಚಾಲಕನಿರುವ ಟ್ಯಾಕ್ಸಿ, ಬಿಳಿಯ ಮೇಲೆ ಕಪ್ಪಿದ್ದರೆ ಮನೆಯವರ ಸ್ವಂತ ಗಾಡಿ, ಕಪ್ಪಿನ ಮೇಲೆ ಹಳದಿ ಇದ್ದರೆ ಬಾಡಿಗೆಗೆ ಪಡೆದವರು ತಾವೇ ಓಡಿಸುವ ಗಾಡಿ. ಈ ಮೂರನೆಯ ಜಾತಿಯಲ್ಲಿ ಕಣ್ಣಿಗೆ ಮೊದಲು ಬೀಳುವುದು ಮಹೀಂದ್ರಾ ಥಾರ್, ಅದರಲ್ಲೂ ಮೇಲಿನ ಬಟ್ಟೆಯ ಹೊದಿಕೆ ಮಡಚಿಟ್ಟ ಥಾರ್. ಗೋವಾಕ್ಕೆ ಬರುವವರು ‘ಒಂದು ಕಾರು ಬೇಕು’ ಎಂದಷ್ಟೇ ಹೇಳುವುದಿಲ್ಲ, ‘ಥಾರ್ ಇದೆಯಾ, ಓಪನ್ ಇದೆಯಾ’ ಎಂದು ಕೇಳುತ್ತಾರೆ. ಇಪ್ಪತ್ತೈದು ವರ್ಷದ ಹಿಂದೆ ಇದೇ ಪ್ರಶ್ನೆಯಲ್ಲಿ ಮಾರುತಿ ಜಿಪ್ಸಿಯ ಹೆಸರಿತ್ತು. ಮೋಜಿನ ಊರು, ಸಿನಿಮಾದ ಪ್ರಭಾವ, ಜೀಪಿನ ಮೇಲೆ ನಮ್ಮವರಿಗಿರುವ ಹಳೆಯ ವ್ಯಾಮೋಹ ಎಂದು ಇದನ್ನು ವಿವರಿಸಿ ಮುಗಿಸುವುದು ರೂಢಿ. ಈ ವಿವರಣೆ ಕಾಲಕ್ರಮಕ್ಕೆ ಹೊಂದುವುದಿಲ್ಲ. ಕಡಲತೀರದಲ್ಲಿ ತೆರೆದ ಗಾಡಿ ಬಾಡಿಗೆಗೆ ಹಿಡಿದು ತಾನೇ ಓಡಿಸುವ ಪದ್ಧತಿ ಇಲ್ಲಿ ಹುಟ್ಟಿದ್ದಲ್ಲ. ಅದು ಮೆಡಿಟರೇನಿಯನ್ ಕರಾವಳಿಯಲ್ಲಿ ಬೆಳೆದು, ಚಾರ್ಟರ್ ವಿಮಾನಗಳ ಜೊತೆ ದಾಬೋಲಿಂನಲ್ಲಿ ಇಳಿದು, ಆಮೇಲೆ ನಮ್ಮದಾಯಿತು ಎಂಬುದು ನನ್ನ ವಾದ.

ಮೊದಲು ಗೋವಾವೇ ‘ವಿದೇಶ’ವಾಗಿದ್ದ ಕಾಲವನ್ನು ನೋಡಬೇಕು. 1888ರಲ್ಲಿ ಮೊರ್ಮುಗಾಂವ್ ಬಂದರಿನಿಂದ ಘಟ್ಟ ಹತ್ತಿ ಕ್ಯಾಸಲ್‌ರಾಕ್‌ವರೆಗೆ ರೈಲು ಬಂದ ಮೇಲೆ ವಾಸ್ಕೋ ಮತ್ತು ಕನ್ನಡ ನಾಡಿನ ನಡುವೆ ಗಟ್ಟಿ ನಂಟು ಬೆಳೆಯಿತು. ಆದರೆ ಕ್ಯಾಸಲ್‌ರಾಕ್ ಸುಂಕದ ಕಟ್ಟೆಯೂ ಆಗಿತ್ತು, ಅದರಾಚೆಗಿನದು ಪೋರ್ಚುಗೀಸರ ನೆಲ. 1950ರ ದಶಕದ ನಡುವಿನಲ್ಲಿ ಭಾರತ ಆರ್ಥಿಕ ದಿಗ್ಬಂಧನ ಹೇರಿದಾಗ ಆ ರೈಲೂ ನಿಂತಿತು. ದಿಗ್ಬಂಧನದ ಫಲ ಅಂದುಕೊಂಡದ್ದಕ್ಕಿಂತ ಬೇರೆಯಾಯಿತು. ಕಬ್ಬಿಣದ ಅದಿರು ಜಪಾನ್, ಜರ್ಮನಿಗಳಿಗೆ ಹೋಗಿ ಬಂದ ಹಣದಲ್ಲಿ ವಿದೇಶಿ ಸಾಮಾನು ಮೊರ್ಮುಗಾಂವ್ ಬಂದರಿನಲ್ಲಿ ಧಾರಾಳವಾಗಿ ಇಳಿಯತೊಡಗಿತು, ಕಾರುಗಳೂ ಇಳಿದವು. ಘಟ್ಟದ ಮೇಲಿನವರು ಅಂಬಾಸಿಡರಿಗೂ ಫಿಯೆಟ್ಟಿಗೂ ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಿದ್ದಾಗ ಗೋವಾದ ರಸ್ತೆಗಳಲ್ಲಿ ಜರ್ಮನ್, ಅಮೆರಿಕನ್ ಕಾರುಗಳು ಓಡುತ್ತಿದ್ದವು. 1955ರಲ್ಲಿ ಪೋರ್ಚುಗೀಸರು ದಾಬೋಲಿಂನಲ್ಲಿ ವಿಮಾನ ನಿಲ್ದಾಣ ಕಟ್ಟಿದ್ದೂ ಈ ಮುತ್ತಿಗೆಯ ಸಂದರ್ಭದಲ್ಲೇ. ಇಷ್ಟೆಲ್ಲ ಬಗೆಬಗೆಯ ಗಾಡಿಗಳಿದ್ದರೂ ಬಾಡಿಗೆ ಕಾರು ಎಂದರೆ ಚಾಲಕನಿದ್ದ ಕಾರೇ. ಒಂದು ವಿಷಯ ಮಾತ್ರ ಮುಂದೆ ಉಪಯೋಗಕ್ಕೆ ಬಂತು. ಪೋರ್ಚುಗಲ್ ದೇಶ 1928ರಲ್ಲೇ ರಸ್ತೆಯ ಬಲಬದಿಗೆ ಹೊರಳಿದರೂ, ನೆರೆಯ ಬ್ರಿಟಿಷ್ ಭಾರತದ ಕಾರಣಕ್ಕೆ ಗೋವಾ ಎಡಬದಿಯಲ್ಲೇ ಉಳಿಯಿತು. ಹಾಗಾಗಿ 1961ರ ಡಿಸೆಂಬರಿನಲ್ಲಿ ಆಡಳಿತ ಬದಲಾದಾಗ ಸ್ಟಿಯರಿಂಗ್ ಬದಲಾಗಲಿಲ್ಲ. ಮುಂದೆ ಬಂದ ಬ್ರಿಟಿಷ್ ಪ್ರವಾಸಿಗೂ ಇಲ್ಲಿನ ರಸ್ತೆ ಕಷ್ಟವೆನಿಸಲಿಲ್ಲ.

1961ರ ನಂತರದ ಎರಡು ದಶಕ ಈ ಕಥೆಯಲ್ಲಿ ಬಹುಮಟ್ಟಿಗೆ ಖಾಲಿ. ವಿಮಾನ ನಿಲ್ದಾಣ ನೌಕಾಪಡೆಯ ಕೈಗೆ ಹೋಯಿತು, ನಾಗರಿಕ ವಿಮಾನಗಳು ಅದರ ಒಂದು ಮೂಲೆಯಲ್ಲಿ ಇಳಿದುಹೋಗುತ್ತಿದ್ದವು. ಹಿಪ್ಪಿಗಳು ಬಸ್ಸಿನಲ್ಲಿ, ಹಡಗಿನಲ್ಲಿ, ಎನ್‌ಫೀಲ್ಡಿನಲ್ಲಿ ಬಂದರು. ಊರಿನವರು ಹತ್ತಿರದ ಓಡಾಟಕ್ಕೆ ‘ಪೈಲಟ್’ ಹಿಡಿದರು, ಅಂದರೆ ಹಳದಿ ಮಡ್‌ಗಾರ್ಡಿನ ಮೋಟಾರ್‌ಸೈಕಲ್ ಟ್ಯಾಕ್ಸಿ. ದೇಶದ ಉಳಿದ ಕಡೆ ಬೈಕ್ ಟ್ಯಾಕ್ಸಿ ಎಂಬ ಮಾತು ಕೇಳುವುದಕ್ಕೆ ಬಹಳ ಮೊದಲೇ ಗೋವಾದಲ್ಲಿ ಅದು ಪರವಾನಗಿ ಪಡೆದ ಕಸುಬಾಗಿತ್ತು. ತಾನೇ ಓಡಿಸುವ ಬಾಡಿಗೆ ಕಾರು ಆಗ ಇಲ್ಲಿ ಬೆಳೆಯದ್ದಕ್ಕೆ ಭೂಗೋಳವೂ ಕಾರಣ. ವಾಸ್ಕೋ ಇರುವುದು ಜುವಾರಿ ನದಿಯ ದಕ್ಷಿಣಕ್ಕೆ, ಪಣಜಿ ಉತ್ತರಕ್ಕೆ, ಕಲಂಗುಟ್ ಮತ್ತು ಬಾಗಾ ಮಾಂಡೋವಿಯನ್ನೂ ದಾಟಿದ ಮೇಲೆ. 1983ರಲ್ಲಿ ಜುವಾರಿ ಸೇತುವೆ ಆಗುವ ತನಕ ದಾಬೋಲಿಂನಲ್ಲಿ ಇಳಿದವರು ಕೋರ್ತಾಲಿಯಲ್ಲಿ ಫೆರ್ರಿಗೆ ಕಾಯಬೇಕಿತ್ತು. ಆ ಸೇತುವೆಯಾದ ಮೂರೇ ವರ್ಷಕ್ಕೆ, 1986ರ ಜುಲೈಯಲ್ಲಿ ಮಾಂಡೋವಿ ಸೇತುವೆ ಕುಸಿದುಬಿತ್ತು. 1992ರಲ್ಲಿ ಹೊಸದು ಬರುವವರೆಗೆ ಅಲ್ಲಿ ಮತ್ತೆ ಫೆರ್ರಿ. ಅರ್ಧ ದಿನ ತಿನ್ನುವ ಇಂಥ ದಾರಿಯಲ್ಲಿ ಕಾರು ಒಯ್ದು ತರುವುದು ಟ್ಯಾಕ್ಸಿಯವನ ಕೆಲಸವೇ ಆಗಿತ್ತು, ಹೊಸಬರು ಹೊರುವ ಹೊರೆಯಲ್ಲ.

ಇದೇ 1980ರ ದಶಕದ ನಡುವಿನಲ್ಲಿ ಯುರೋಪಿನಿಂದ ಚಾರ್ಟರ್ ವಿಮಾನಗಳು ನೇರ ದಾಬೋಲಿಂಗೆ ಬರತೊಡಗಿದವು. 1983ರಲ್ಲಿ ಕಾಮನ್‌ವೆಲ್ತ್ ದೇಶಗಳ ನಾಯಕರನ್ನು ವಿಶ್ರಾಂತಿಗೆಂದು ಗೋವಾಕ್ಕೆ ಕರೆತಂದದ್ದು ಈ ಊರನ್ನು ಹೊರಜಗತ್ತಿನ ಕಣ್ಣಿಗೆ ಹೊಸದಾಗಿ ತಂದಿತ್ತು. ಚಾರ್ಟರ್ ಪ್ರವಾಸಿ ಹಿಪ್ಪಿಯಲ್ಲ. ಆತ ಎರಡು ವಾರದ ರಜೆಯ ನೌಕರ, ಟಿಕೆಟ್ಟು ಹೋಟೆಲು ಒಟ್ಟಿಗೆ ಕೊಂಡವನು, ಹೋದ ವರ್ಷ ಸ್ಪೇನಿಗೋ ಗ್ರೀಸಿಗೋ ಹೋಗಿದ್ದವನು. ಅಲ್ಲಿ ಎರಡು ದಿನ ಗಾಡಿ ಬಾಡಿಗೆಗೆ ಹಿಡಿದು ದ್ವೀಪ ಸುತ್ತುವುದು ರಜೆಯ ಭಾಗವೇ ಆಗಿತ್ತು. ಆ ಗಾಡಿಗೂ ಒಂದು ವಂಶಾವಳಿ ಇದೆ. 1958ರ ಫಿಯೆಟ್ ಜಾಲಿ ಬಾಗಿಲೇ ಇಲ್ಲದ, ಬೆತ್ತದ ಸೀಟಿನ ಕಾರು, ಸಿರಿವಂತರ ಆಟಿಕೆ. 1964ರ ಮಿನಿ ಮೋಕ್ ಸೈನ್ಯಕ್ಕೆಂದು ಯೋಚಿಸಿ, ಸೈನ್ಯಕ್ಕೆ ಬೇಡವಾಗಿ, ಕೊನೆಗೆ ಬಾರ್ಬಡೋಸ್, ಸೇಶೆಲ್ಸ್‌ನಂಥ ದ್ವೀಪಗಳಲ್ಲಿ ಬಾಡಿಗೆ ಗಾಡಿಯಾಗಿ ನೆಲೆ ಕಂಡಿತು. 1968ರ ಸಿತ್ರೋನ್ ಮೆಹಾರಿಯ ಮೈ ಪೂರಾ ಪ್ಲಾಸ್ಟಿಕ್. ಗೋವಾ ಬಿಟ್ಟುಹೋದ ಪೋರ್ಚುಗಲ್‌ನಲ್ಲೇ 1980ರಿಂದ 1993ರವರೆಗೆ ಮೋಕ್ ತಯಾರಾಗುತ್ತಿತ್ತು ಎಂಬುದು ಇತಿಹಾಸದ ಒಂದು ತಮಾಷೆ. ಈ ಸಾಲಿಗೆ ಆಮೇಲೆ ಸೇರಿದ್ದು ಜಪಾನಿನ ಸುಜುಕಿ ಎಸ್‌ಜೆ410. ಸ್ಪೇನಿನ ಸಾಂತಾನಾ ಕಂಪನಿ 1985ರಲ್ಲಿ ಅದನ್ನು ಅಲ್ಲೇ ತಯಾರಿಸತೊಡಗಿತು, ಮೆಡಿಟರೇನಿಯನ್ ದ್ವೀಪಗಳ ಬಾಡಿಗೆ ಅಂಗಡಿಗಳಿಗೆ ಅದು ಸಲೀಸಾಗಿ ಒಗ್ಗಿತು. ಅದೇ 1985ರ ಡಿಸೆಂಬರಿನಲ್ಲಿ ಭಾರತದಲ್ಲಿ ಮಾರುತಿ ಜಿಪ್ಸಿ ಬಂತು. ಅದೂ ಎಸ್‌ಜೆ410ರ ಉದ್ದ ಮೈಯ ರೂಪವೇ, ಒಳಗಿದ್ದದ್ದು 970 ಸಿಸಿಯ ಎಂಜಿನ್. ಕ್ರೀಟ್ ದ್ವೀಪದಲ್ಲಿ ಸುಜುಕಿ ಓಡಿಸಿ ಬಂದವನಿಗೆ ಗೋವಾದ ಜಿಪ್ಸಿ ಕಂಡಾಗ ಇದು ಏನು, ಹೇಗೆ ಓಡುತ್ತದೆ ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ.

ಇಲ್ಲೊಂದು ಆಕ್ಷೇಪ ಏಳುವುದು ಸಹಜ. ಜೀಪು ಈ ದೇಶಕ್ಕೆ ಹೊಸದೇ? ಸ್ವಾತಂತ್ರ್ಯದ ಹೊಸತರಲ್ಲೇ ಮಹೀಂದ್ರಾದವರು ವಿಲ್ಲೀಸ್ ಜೀಪು ಜೋಡಿಸಲು ಶುರುಮಾಡಿದ್ದರಲ್ಲ? ನಿಜ. ಆದರೆ ನಮ್ಮಲ್ಲಿ ಜೀಪು ಎಂದರೆ ತಹಶೀಲ್ದಾರರದು, ಅರಣ್ಯ ಇಲಾಖೆಯದು, ಪೊಲೀಸರದು, ಗಣಿಯದು, ಚುನಾವಣೆಯಲ್ಲಿ ಮೈಕು ಕಟ್ಟಿಕೊಂಡದ್ದು. ಅದರಲ್ಲಿ ಸಾಹೇಬರು ಕೂರುತ್ತಿದ್ದರು, ಡ್ರೈವರು ಓಡಿಸುತ್ತಿದ್ದ. ಮಲೆನಾಡಿನಲ್ಲಿ ಬಾಡಿಗೆ ಜೀಪು ಎಂದರೆ ಹದಿನೈದು ಜನ ಜೋತುಬಿದ್ದು ಹೋಗುವ ಸವಾರಿ. ಗೋವಾದ ಪದ್ಧತಿ ಈ ಜೀಪುಗಳಿಂದ ಬಂದಿದ್ದರೆ ಅದು ಮೊದಲು ಕಾಣಿಸಬೇಕಿದ್ದದ್ದು ಮಡಿಕೇರಿಯಲ್ಲೋ ಊಟಿಯಲ್ಲೋ, ಜೀಪು ಹೆಚ್ಚಿದ್ದ ಕಡೆ. ಹಾಗಾಗಲಿಲ್ಲ. ಇನ್ನೂ ಗಟ್ಟಿ ಸಾಕ್ಷಿ ಹವಾಮಾನದ್ದು. ಬಟ್ಟೆಯ ಹೊದಿಕೆಯ ಗಾಡಿ ಕೊಂಕಣದ ಮಳೆಗೆ ಹೇಳಿ ಮಾಡಿಸಿದ ವೈರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಸೋರುತ್ತದೆ, ಸೀಟು ಬೂಸ್ಟು ಹಿಡಿಯುತ್ತದೆ. ಸ್ಥಳೀಯ ಅಗತ್ಯವೇ ಆಯ್ಕೆ ಮಾಡಿದ್ದರೆ ಈ ಗಾಡಿ ಗೆಲ್ಲುತ್ತಿರಲಿಲ್ಲ. ಆದರೆ ಚಾರ್ಟರ್ ಹಂಗಾಮು ಅಕ್ಟೋಬರಿನಿಂದ ಏಪ್ರಿಲ್‌ವರೆಗೆ, ಬಹುಪಾಲು ಮಳೆಯಿಲ್ಲದ ತಿಂಗಳುಗಳು, ಮೆಡಿಟರೇನಿಯನ್ ಬೇಸಿಗೆಯ ಹಾಗೆಯೇ. ತೆರೆದ ಗಾಡಿ ಆ ಹಂಗಾಮಿಗೆ ಅಳತೆ ಕೊಟ್ಟು ಹೊಲಿಸಿದಂತಿತ್ತು. ಈಗ ಮಳೆಗಾಲದಲ್ಲೂ ನಮ್ಮವರು ಬಂದು, ಹೊದಿಕೆ ಬಿಗಿದು, ಒಳಗೆ ಬೆವರುತ್ತ ಅದೇ ಗಾಡಿಯಲ್ಲಿ ತಿರುಗುತ್ತಾರೆ.

ಈ ವ್ಯವಹಾರ ಬೆಳೆದ ರೀತಿಯಲ್ಲಿ ಕಾನೂನಿನ ಪಾಲು ದೊಡ್ಡದು, ಅದೂ ಉದ್ದೇಶಿಸದ ಪಾಲು. 1988ರ ಮೋಟಾರು ವಾಹನ ಕಾಯ್ದೆಯ 75ನೇ ಕಲಮು ಬಾಡಿಗೆಗೆ ಪಡೆದವನು ತಾನೇ ಓಡಿಸಬಹುದಾದ ವ್ಯವಸ್ಥೆಗೆ ದಾರಿ ಮಾಡಿತು. ಅದರಡಿ 1989ರಲ್ಲಿ ‘ರೆಂಟ್ ಎ ಕ್ಯಾಬ್’ ಯೋಜನೆ ಬಂತು. ಲೈಸೆನ್ಸು ಬೇಕೆಂದರೆ ಕನಿಷ್ಠ 50 ಕಾರು ಇರಬೇಕು, ಅವುಗಳಲ್ಲಿ ಅರ್ಧ ಹವಾನಿಯಂತ್ರಿತವಾಗಿರಬೇಕು, ಎಲ್ಲಕ್ಕೂ ಅಖಿಲ ಭಾರತ ಪ್ರವಾಸಿ ಪರ್ಮಿಟ್ ಇರಬೇಕು. ಈ ನಿಯಮ ಬರೆದವರ ಮನಸ್ಸಿನಲ್ಲಿದ್ದದ್ದು ದೆಹಲಿ, ಮುಂಬಯಿಯ ದೊಡ್ಡ ಕಂಪನಿ, ಪಂಚತಾರಾ ಹೋಟೆಲಿನ ಮುಂದೆ ಸಾಲಾಗಿ ನಿಂತ ಕಾರು. ಗೋವಾದಲ್ಲಿದ್ದದ್ದು ಅತಿಥಿಗೃಹದ ಯಜಮಾನ, ಅವನ ಅಂಗಳದಲ್ಲಿ ಎರಡು ಜಿಪ್ಸಿ. ಕಾರ್ಖಾನೆಯಿಂದ ಎಸಿಯೇ ಬಾರದ, ಛಾವಣಿಯೂ ಇಲ್ಲದ ಗಾಡಿ ಅವು. ಐವತ್ತು ಕಾರಿಗೆ ಬಂಡವಾಳ ಎಲ್ಲಿಂದ ತರುವುದು? ಇನ್ನೊಬ್ಬರ ಲೈಸೆನ್ಸಿನ ನೆರಳಿಗೆ ಸೇರಬೇಕು, ಇಲ್ಲವೇ ಬಿಳಿ ಪ್ಲೇಟಿನ ಸ್ವಂತ ಗಾಡಿಯನ್ನೇ ‘ಸ್ನೇಹಿತನಿಗೆ ಕೊಟ್ಟಿದ್ದೇನೆ’ ಎಂದು ಕೊಡಬೇಕು. ಎರಡನೆಯ ದಾರಿ ಹಿಡಿದವರು ಎಷ್ಟು ಮಂದಿ ಎಂದರೆ ಇಂದಿಗೂ ಪೊಲೀಸರು ಬಿಳಿ ಪ್ಲೇಟಿನ ಬಾಡಿಗೆ ಗಾಡಿ ಹಿಡಿಯುವ ಸುದ್ದಿ ಗೋವಾದ ಪತ್ರಿಕೆಗಳಿಗೆ ಹಳಸಿಲ್ಲ. ಅಪಘಾತವಾದರೆ ಖಾಸಗಿ ವಿಮೆ ಬಾಡಿಗೆಯ ಗಾಡಿಗೆ ಹಣ ಕೊಡುವುದಿಲ್ಲ ಎಂಬುದು ಕೀಲಿ ಇಸಿದುಕೊಳ್ಳುವ ಗಿರಾಕಿಗೆ ಸಾಮಾನ್ಯವಾಗಿ ತಿಳಿದಿರುವುದಿಲ್ಲ. 1997ರಲ್ಲಿ ಮೋಟಾರ್‌ಸೈಕಲ್ ಬಾಡಿಗೆಗೆ ಬೇರೆ ಯೋಜನೆ ಬಂದಾಗ ಐದೇ ಗಾಡಿ ಸಾಕೆಂದರು. ಸಣ್ಣ ಕಸುಬುದಾರನೊಬ್ಬನಿದ್ದಾನೆ ಎಂಬ ಅರಿವು ದ್ವಿಚಕ್ರದ ವಿಷಯದಲ್ಲಿ ಎಂಟು ವರ್ಷ ತಡವಾಗಿಯಾದರೂ ಬಂತು, ನಾಲ್ಕು ಚಕ್ರದ ಐವತ್ತರ ಲೆಕ್ಕಕ್ಕೆ ಆ ಅರಿವು ತಟ್ಟಲಿಲ್ಲ.

ಟ್ಯಾಕ್ಸಿಯವರ ದರವೇ ಇದಕ್ಕೆಲ್ಲ ಕಾರಣ ಎನ್ನುವವರಿದ್ದಾರೆ. ಈ ವಾದವನ್ನು ತಳ್ಳಿಹಾಕುವಂತಿಲ್ಲ. ಗೋವಾದ ಟ್ಯಾಕ್ಸಿ ಮಾಲೀಕರು ಒಗ್ಗಟ್ಟಿನವರು. ಅವರ ವಿರೋಧದೆದುರು ಓಲಾ, ಊಬರ್ ಇಲ್ಲಿ ಬೇರುಬಿಡಲಿಲ್ಲ, 2018ರಲ್ಲಿ ಸರ್ಕಾರದ ಬೆಂಬಲದಿಂದ ಬಂದ ಗೋವಾಮೈಲ್ಸ್ ಆ್ಯಪ್ ಕೂಡ ಜಗಳದಲ್ಲೇ ಬೆಳೆಯಿತು. ಒಂದು ಟ್ರಿಪ್ಪಿಗೆ ಕೇಳುವ ಹಣದಲ್ಲಿ ಇಡೀ ದಿನಕ್ಕೆ ಸಣ್ಣ ಕಾರು ಸಿಗುವಂತಿದ್ದರೆ ಜನ ಕಾರು ಹಿಡಿಯದೆ ಏನು ಮಾಡಿಯಾರು? ಆದರೆ ದರ ಉಳಿಸಲು ಬಂದವನು ಹಿಡಿಯಬೇಕಾದದ್ದು ಸಣ್ಣ ಹ್ಯಾಚ್‌ಬ್ಯಾಕು, ಅನೇಕರು ಹಿಡಿಯುವುದೂ ಅದನ್ನೇ. ಥಾರಿನ ಬಾಡಿಗೆ ಅದಕ್ಕಿಂತ ಹೆಚ್ಚು, ಡೀಸೆಲ್ಲೋ ಪೆಟ್ರೋಲೋ ಹೆಚ್ಚು ಕುಡಿಯುತ್ತದೆ, ಸೂಟ್‌ಕೇಸಿಗೆ ಜಾಗ ಕಡಿಮೆ. ಕಾರು ಯಾಕೆ ಬಾಡಿಗೆಗೆ ಹೋಗುತ್ತದೆ ಎಂಬುದನ್ನು ಟ್ಯಾಕ್ಸಿ ದರ ಹೇಳುತ್ತದೆ, ಈ ಮಾಡೆಲ್ಲೇ ಯಾಕೆ ಎಂಬುದನ್ನು ಹೇಳುವುದಿಲ್ಲ.

ಮಾಡೆಲ್ ನಮ್ಮದಾದದ್ದು ವಿಮಾನ ಅಗ್ಗವಾದಾಗ. 2003ರಲ್ಲಿ ಬೆಂಗಳೂರಿನಿಂದ ಏರ್ ಡೆಕ್ಕನ್ ಹಾರತೊಡಗಿ, ಅದರ ಬೆನ್ನಿಗೆ ಉಳಿದ ಅಗ್ಗದ ವಿಮಾನಗಳೂ ಬಂದ ಮೇಲೆ, ರಾತ್ರಿ ಬಸ್ಸಿನಲ್ಲಿ ಬರುತ್ತಿದ್ದ ಬೆಂಗಳೂರಿನ ಗೆಳೆಯರ ಗುಂಪು ದಾಬೋಲಿಂನಲ್ಲಿ ಇಳಿಯಿತು. ಬಸ್ಸಿನಲ್ಲಿ ಬಂದವರು ಸ್ಕೂಟರು ಕೇಳುತ್ತಿದ್ದರು, ವಿಮಾನದಲ್ಲಿ ಬಂದವರು ಕಾರು ಕೇಳಿದರು. 2013ರಲ್ಲಿ ಬೆಂಗಳೂರಿನಲ್ಲೇ ಜೂಮ್‌ಕಾರ್ ಶುರುವಾದಾಗ ತಾನೇ ಓಡಿಸುವ ಬಾಡಿಗೆ ಕಾರು ನಗರದವರಿಗೂ ಮಾಮೂಲಾಯಿತು. ಜಿಪ್ಸಿ 2019ರ ಹೊತ್ತಿಗೆ ಖಾಸಗಿ ಗಿರಾಕಿಗೆ ಸಿಗದಂತಾಯಿತು, 2020ರ ಅಕ್ಟೋಬರ್ 2ರಂದು ಹೊಸ ಥಾರ್ ಮಾರಾಟಕ್ಕೆ ಬಂತು. ಕೋವಿಡ್ಡಿನಿಂದ ವಿದೇಶಿಯರು ಬಾರದೆ ದೇಶದವರೇ ಗೋವಾ ತುಂಬಿದ ಕಾಲವದು. ಕೊಳ್ಳುವವನು ಮನೆಗೆ ಗಟ್ಟಿ ಛಾವಣಿಯದು ಒಯ್ಯುತ್ತಾನೆ, ಗೋವಾದಲ್ಲಿ ಬಾಡಿಗೆಗೆ ಕೇಳುವುದು ಬಟ್ಟೆಯದು. ಮೆಡಿಟರೇನಿಯನ್ನಿನ ರೂಢಿ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ: ಈ ಗಾಡಿ ಊರಿಗಲ್ಲ, ರಜೆಗೆ. ಇದೇ ವಾಸ್ಕೋದಲ್ಲಿ ಬಂದರಿನ ಕೂಲಿಗೆ, ಕಟ್ಟಡದ ಕೆಲಸಕ್ಕೆ ವಿಜಯಪುರ, ಬಾಗಲಕೋಟೆ, ಗದಗದ ಕಡೆಯಿಂದ ಬಂದು ನೆಲೆಸಿದ ಕನ್ನಡಿಗರಿದ್ದಾರೆ. ಬೈನಾ, ಜುವಾರಿನಗರದ ಓಣಿಗಳಲ್ಲಿ ಎರಡು ತಲೆಮಾರಿನಿಂದ ಕನ್ನಡ ಕೇಳುತ್ತದೆ. ಅವರ ಓಡಾಟ ಬಸ್ಸು ಮತ್ತು ಪೈಲಟ್ಟಿನ ಮೇಲೆ. ಕಪ್ಪು ಪ್ಲೇಟಿನ ಥಾರಿನಲ್ಲಿ ಹೋಗುವ ಕನ್ನಡಿಗನಿಗೂ ಇವರಿಗೂ ಮಾತು ಒಂದೇ, ಗೋವಾ ಬೇರೆ.

ಇತ್ತೀಚೆಗೆ ಗೋವಾದವರ ಸಿಟ್ಟು ಈ ಗಾಡಿಯ ಮೇಲೆ ತಿರುಗಿದೆ. ಇಕ್ಕಟ್ಟಿನ ರಸ್ತೆ, ಕುಡಿದ ಚಾಲಕರು, ಮರಳಿನ ಮೇಲೆ ಓಡಿಸಿ ಹೂತುಕೊಳ್ಳುವವರು, ಈ ದೂರುಗಳಲ್ಲಿ ಸುಳ್ಳಿಲ್ಲ. ಹೊಸ ಪರ್ಮಿಟ್ ನಿಲ್ಲಿಸಿ ಎಂಬ ಬೇಡಿಕೆ ಅಲ್ಲಿಂದ ಬಂದದ್ದು. ಆದರೆ 1989ರ ಐವತ್ತು ಕಾರಿನ ನಿಯಮ ಗಿರಾಕಿಯನ್ನು ಕಡಿಮೆ ಮಾಡಲಿಲ್ಲ, ಗಾಡಿಯನ್ನು ಬಿಳಿ ಪ್ಲೇಟಿಗೆ ತಳ್ಳಿತಷ್ಟೆ. ಕಪ್ಪು ಪ್ಲೇಟಿನ ಗಾಡಿಗೆ ಮಾಲೀಕನಿದ್ದಾನೆ, ಲೈಸೆನ್ಸಿದೆ, ವಿಮೆಯಿದೆ, ಅಪಘಾತವಾದರೆ ಹಿಡಿದು ಕೇಳಲು ಒಂದು ವಿಳಾಸವಿದೆ. ಐವತ್ತರ ಸಂಖ್ಯೆಯನ್ನು ಐದಕ್ಕೋ ಹತ್ತಕ್ಕೋ ಇಳಿಸಿ ಅಂಗಳದ ಯಜಮಾನನನ್ನು ಪಟ್ಟಿಯೊಳಗೆ ತರುವುದು ನಿಷೇಧಕ್ಕಿಂತ ಹೆಚ್ಚು ಕೆಲಸ ಮಾಡೀತು. ಇಷ್ಟರಲ್ಲಿ ವ್ಯಾಪಾರವೇ ವಾಸ್ಕೋದಿಂದ ಜಾಗ ಬದಲಿಸುತ್ತಿದೆ. 2023ರ ಜನವರಿಯಿಂದ ಉತ್ತರದ ಮೋಪಾದಲ್ಲಿ ವಿಮಾನಗಳು ಇಳಿಯುತ್ತಿವೆ, ಕಲಂಗುಟ್ಟಿಗೆ ಹೋಗುವವರು ಅಲ್ಲಿಂದ ಜುವಾರಿಯನ್ನೂ ಮಾಂಡೋವಿಯನ್ನೂ ದಾಟಬೇಕಿಲ್ಲ. ಎಂಟು ಪಥದ ಹೊಸ ಜುವಾರಿ ಸೇತುವೆಯ ಮೊದಲ ಭಾಗ ತೆರೆದದ್ದೂ ಅದೇ ವಾರಗಳಲ್ಲಿ, 2022ರ ಡಿಸೆಂಬರಿನ ಕೊನೆಗೆ.