ಟಿಡ್ಲಿವಿಕಿ ಯಾಕೆ ನಿಧಾನ ಆಗುತ್ತೆ? - ಒಂದು ಸಣ್ಣ ಚರಿತ್ರೆ

ಪ್ರತಿ ಭಾನುವಾರ ಅಜ್ಜಿಗೆ ಫೋನ್ ಮಾಡ್ತೀನಿ. ಅವಳು ಹಳೇ ಊರಿನ ಕತೆ ಹೇಳ್ತಾ ಹೋಗ್ತಾಳೆ, ನಾನು ಟೈಪ್ ಮಾಡ್ತಾ ಹೋಗ್ತೀನಿ. ಯಾರ ಮನೆ ಎಲ್ಲಿತ್ತು, ಯಾರು ಯಾರಿಗೆ ಏನಾಗಬೇಕು, ಯಾವ ಕಷಾಯಕ್ಕೆ ಏನೇನು ಹಾಕಬೇಕು.. ಎಲ್ಲ. ಕಾಲೇಜಿನ ದಿನಗಳಿಂದ ಸೇರಿಸಿದ್ದು ಈಗ 4,000 ಟಿಪ್ಪಣಿ ಆಗಿದೆ, ಎಲ್ಲ ಒಂದೇ ಟಿಡ್ಲಿವಿಕಿ ಫೈಲಿನಲ್ಲಿ. ಕಳೆದ ವರ್ಷ ಅದು ಕೈಕೊಡೋಕೆ ಶುರು ಮಾಡ್ತು. "ಬರ್ಕೊಂಡ್ಯೇನೋ?" ಅಂತ ಅಜ್ಜಿ ಕೇಳೋ ಹೊತ್ತಿಗೆ ಪರದೆ ಮೂರು ಪದ ಹಿಂದೆ! "ಇರಜ್ಜಿ ಒಂದ್ನಿಮಿಷ" ಅಂದ್ರೆ ನಿಲ್ಲಿಸ್ತಾಳೆ, ಎಳೆ ತಪ್ಪುತ್ತೆ. 84 ವರ್ಷದವಳಿಗೆ ತಪ್ಪಿದ ಎಳೆ ಮತ್ತೆ ಸಿಗೋದು ಕಷ್ಟ.

ಫೈಲ್ ದೊಡ್ಡದಾಯ್ತು, ಅದಕ್ಕೇ ನಿಧಾನ ಅಂದ್ಕೊಂಡಿದ್ದೆ. ಕೋಡ್ ತೆರೆದು ನೋಡಿದ ಮೇಲೆ ಗೊತ್ತಾಗಿದ್ದು ಬೇರೆಯೇ.

ಜೆರೆಮಿ ರಸ್ಟನ್ ಅನ್ನೋ ಇಂಗ್ಲೆಂಡಿನವರು 2004ರ ಸೆಪ್ಟೆಂಬರಿನಲ್ಲಿ ಮೊದಲ ಟಿಡ್ಲಿವಿಕಿ ಬಿಟ್ಟರು. ಸರ್ವರ್ ಇಲ್ಲ, ಡೇಟಾಬೇಸ್ ಇಲ್ಲ. ಒಂದೇ ಎಚ್‌ಟಿಎಮ್‌ಎಲ್ ಫೈಲು, ಅದರೊಳಗೇ ಕೋಡೂ ಟಿಪ್ಪಣಿಗಳೂ. ಮೊದಲ ಆವೃತ್ತಿಯಲ್ಲಿ ಸೇವ್ ಮಾಡೋಕೂ ಆಗ್ತಿರಲಿಲ್ಲ :-) ಅಂದ ಹಾಗೆ, ಆಗ ಪದದ ನಡುವೆ ಕ್ಯಾಪಿಟಲ್ ಅಕ್ಷರ ಬಂದರೆ ತಾನಾಗೇ ಲಿಂಕ್ ಆಗ್ತಿತ್ತು. ಕನ್ನಡಕ್ಕೆ ದೊಡ್ಡಕ್ಷರ ಎಲ್ಲಿಂದ ತರೋಣ? ನಮಗೆ ಜೋಡಿ ಚೌಕ ಆವರಣವೇ ಗತಿ.

ಆ ಹಳೇ ಟಿಡ್ಲಿವಿಕಿಯಲ್ಲಿ ಬರಹವನ್ನು ಓದ್ತಾ ಓದ್ತಾ ನೇರವಾಗಿ ಪುಟ ಕಟ್ಟಿಬಿಡ್ತಿದ್ದರು, ನಡುವೆ ಬೇರೆ ಹಂತ ಇಲ್ಲ. ಏನಾದರೂ ಬದಲಾದರೆ ಗುರುತು ಹಾಕಿದ ಭಾಗಗಳನ್ನು ಹುಡುಕಿ ಹೊಸದಾಗಿ ಬರೆಯೋದು. ಕೆಲವು ನೂರು ಟಿಪ್ಪಣಿಗೆ ಅದು ಸಾಕಾಗ್ತಿತ್ತು. ಸಾಲದಾಗುವ ಹೊತ್ತಿಗೆ ಬ್ರೌಸರ್‌ಗಳೇ ಓಡೋಕೆ ಶುರು ಮಾಡಿದವು: 2008ರಲ್ಲಿ ವಿ8 ಎಂಜಿನ್ ಜೊತೆ ಕ್ರೋಮ್, 2009ರಲ್ಲಿ ಫೈರ್‌ಫಾಕ್ಸ್ 3.5. ಕಷ್ಟ ಹಾಗೇ ಮುಚ್ಚಿಹೋಯ್ತು.

ರಸ್ಟನ್ ಅವರ ಆಸ್ಮೋಸಾಫ್ಟ್ ಕಂಪನಿಯನ್ನು 2007ರಲ್ಲಿ ಬ್ರಿಟಿಷ್ ಟೆಲಿಕಾಂ ಕೊಂಡಿತ್ತು. 2011ರಲ್ಲಿ ಅವರು ಅಲ್ಲಿಂದ ಹೊರಬಂದು ಎಲ್ಲವನ್ನೂ ಮೊದಲಿಂದ ಬರೆಯೋಕೆ ಕೂತರು. 2014ರಲ್ಲಿ 5.1.0 ಬಂತು. ನನ್ನ ಪ್ರಕಾರ ಇದರ ಕತೆಯಲ್ಲಿ ಅದೇ ದೊಡ್ಡ ತಿರುವು.

ಹೊಸದರಲ್ಲಿ ಬರಹ ಮೊದಲು ಒಂದು ಮರ ಆಗುತ್ತೆ, ಅದರಿಂದ ವಿಜೆಟ್‌ಗಳ ಇನ್ನೊಂದು ಮರ, ಆಮೇಲೆ ಪುಟ. ಏನಾದರೂ ಬದಲಾದರೆ, ಬದಲಾದ ಟಿಪ್ಪಣಿಗಳ ಪಟ್ಟಿ ಬುಡದಿಂದ ಪ್ರತಿ ವಿಜೆಟ್ಟಿಗೂ ಹೋಗುತ್ತೆ. ಆಫೀಸಿನಲ್ಲಿ ಜವಾನ ಸುತ್ತೋಲೆ ಹಿಡಿದು ಟೇಬಲ್ಲಿಂದ ಟೇಬಲ್ಲಿಗೆ ಹೋಗಿ ಸಹಿ ಹಾಕಿಸ್ಕೋತಾನಲ್ಲ, ಹಾಗೆ. "ನನಗೆ ಸಂಬಂಧ ಇಲ್ಲ" ಅಂದವರು ತಮ್ಮ ಕೆಲಸ ಮುಂದುವರಿಸ್ತಾರೆ, ಸಂಬಂಧ ಇದ್ದವರು ಮಾತ್ರ ತಮ್ಮ ಭಾಗ ಹೊಸದಾಗಿ ಬರೀತಾರೆ. ಬರೆಯೋ ಕೆಲಸ ತುಂಬಾ ಕಮ್ಮಿ ಆಯ್ತು. ಆದರೆ ಜವಾನನ ಸುತ್ತಾಟ ಉಳೀತು.

ಅದರಲ್ಲೂ ಪಟ್ಟಿ ತೋರಿಸೋ ವಿಜೆಟ್ ಇದೆಯಲ್ಲ, ಅದಕ್ಕೆ ಸುಮ್ಮನೆ ಸಹಿ ಹಾಕೋಕಾಗಲ್ಲ. ತನ್ನ ಪಟ್ಟಿ ಬದಲಾಯ್ತಾ ಅಂತ ತಿಳಿಯೋಕೆ ಪ್ರತಿ ಸಲ ತನ್ನ ಫಿಲ್ಟರನ್ನು ಮತ್ತೆ ಓಡಿಸಲೇಬೇಕು. ತಮಾಷೆ ಏನು ಗೊತ್ತಾ? ನಾವು ಒತ್ತುವ ಒಂದೊಂದು ಅಕ್ಷರವೂ ಕರಡು ಟಿಪ್ಪಣಿಗೆ ಸೇರುತ್ತೆ, ಅಂದರೆ ಅದೂ ಒಂದು ಬದಲಾವಣೆ!

ಇದಕ್ಕೆ ಮದ್ದುಗಳು ಒಂದೊಂದಾಗಿ ಬಂದವು. ಬದಲಾಗಿದ್ದು ಬರೀ ಕರಡಾದರೆ ಕೈ ನಿಂತ ಮೇಲೆ 400 ಮಿಲಿಸೆಕೆಂಡ್ ಕಾದು ಆಮೇಲೆ ಸುತ್ತು ಶುರು. ಟ್ಯಾಗ್ ಮತ್ತು ಫೀಲ್ಡ್‌ಗಳಿಗೆ ಇಂಡೆಕ್ಸ್, ಹಾಗಾಗಿ ಒಂದು ಟ್ಯಾಗ್ ಹುಡುಕೋಕೆ ಇಡೀ ವಿಕಿ ಜಾಲಾಡಬೇಕಿಲ್ಲ. 2021ರ 5.2.0ದಲ್ಲಿ ಟಿಪ್ಪಣಿಗಳನ್ನು ಫೈಲಿನೊಳಗೆ ಜೇಸನ್ ರೂಪದಲ್ಲಿ ಇಡೋದೂ ಬಂತು, ಆದರೆ ಟೈಪಿಂಗ್ ನಿಧಾನಕ್ಕೂ ಅದಕ್ಕೂ ಸಂಬಂಧ ಇಲ್ಲ.

ಆ 400 ಮಿಲಿಸೆಕೆಂಡೇ ನನ್ನ ಕೊರಳಿಗೆ ಬಿದ್ದಿದ್ದು. ಒಂದೇ ಸಮ ಟೈಪ್ ಮಾಡೋರಿಗೆ ಅದು ವರ. ನಾನೋ, ಅಜ್ಜಿ ಹೇಳಿದಷ್ಟು ಬರೆದು ನಿಲ್ಲೋನು. ಅಜ್ಜಿ ಉಸಿರು ತಗೊಂಡಾಗೆಲ್ಲ ಜವಾನ ಹೊರಡ್ತಿದ್ದ, ಅವನು ವಾಪಸ್ ಬರೋ ತನಕ ನಾನು ಒತ್ತಿದ ಅಕ್ಷರ ಕಾಯ್ತಾ ಕೂರ್ತಿತ್ತು.

ಟಿಡ್ಲಿವಿಕಿಯಲ್ಲೇ ಇರೋ ಅಳತೆಯ ಸೆಟ್ಟಿಂಗ್ ಹಾಕಿದೆ. ಯಾವ ಫಿಲ್ಟರ್ ಎಷ್ಟು ಹೊತ್ತು ತಿಂತು ಅಂತ ಬ್ರೌಸರ್ ಕನ್ಸೋಲಿನಲ್ಲಿ ಸಿಕ್ತು. ಕಳ್ಳ ನಾನೇ! "ಊರಿನವರು" ಅನ್ನೋ ಟಿಪ್ಪಣಿ ಸದಾ ತೆರೆದಿರ್ತಿತ್ತು. ಅದರಲ್ಲಿ 600 ಜನರ ಪಟ್ಟಿ, ಪ್ರತಿಯೊಬ್ಬರ ಕೆಳಗೆ ಅವರ ಹೆಸರು ಬಂದಿರೋ ಟಿಪ್ಪಣಿಗಳ ಇನ್ನೊಂದು ಪಟ್ಟಿ, ಅದೂ ಇಡೀ ಬರಹ ಹುಡುಕಿ. 600 ಸಲ 4,000, ಅಂದರೆ ಅಜ್ಜಿಯ ಒಂದು ಉಸಿರಿಗೆ 24 ಲಕ್ಷ ಹುಡುಕಾಟ.

ಹುಡುಕಾಟ ತೆಗೆದು ಟ್ಯಾಗ್ ಹಾಕಿದೆ (ಎರಡು ವಾರಾಂತ್ಯ ಹೋಯ್ತು). ಒಳಗಿನ ಪಟ್ಟಿಗಳನ್ನು ರಿವೀಲ್ ವಿಜೆಟ್ಟಿನೊಳಗೆ ಮಡಚಿಟ್ಟೆ. ತೆರೆಯೋ ತನಕ ಅವು ಮರದಲ್ಲೇ ಇರಲ್ಲ, ಜವಾನ ಅಲ್ಲಿಗೆ ಹೋಗೋದೂ ಇಲ್ಲ. ಟಿಪ್ಪಣಿ ಒಂದೂ ಅಳಿಸಲಿಲ್ಲ. ಫೈಲ್ ಅಷ್ಟೇ ದೊಡ್ಡದು.

ಹೋದ ಭಾನುವಾರ ಅಜ್ಜಿ ತಡೆಯಿಲ್ಲದೆ ಮುಕ್ಕಾಲು ಗಂಟೆ ಹೇಳಿದಳು. ನಡುವೆ, ನಾನು ಇಷ್ಟು ವರ್ಷ ಅವಳ ಸೋದರಮಾವ ಅಂತ ಬರ್ಕೊಂಡಿದ್ದವರು ಮಾವನೇ ಅಲ್ಲ, ಪಕ್ಕದ ಮನೆಯವರು ಅಂತಲೂ ಗೊತ್ತಾಯ್ತು. ಇನ್ನು ಅವರ ಟ್ಯಾಗ್ ಬದಲಾಯಿಸಬೇಕು.