ಸೊಲ್ಲಾಪುರದ ಕಸಬಾ: ಮರಾಠಿ ಬಾಯಲ್ಲಿ ಉಳಿದ ಜಾತ್ರೆಯ ಕನ್ನಡ

ಗಡಿಯಾಚೆಗಿನ ಕನ್ನಡ ಅಂದ ಕೂಡಲೇ ನಾವು ಜನಗಣತಿ, ಕನ್ನಡ ಶಾಲೆ, ಮಹಾಜನ ವರದಿ ಅಂತ ಶುರು ಮಾಡ್ತೀವಿ. ಅವೆಲ್ಲ ಬೇಕು. ಆದರೆ ನಾನು ಇವತ್ತು ಸೊಲ್ಲಾಪುರದ ಉತ್ತರ ಕಸಬಾ ಓಣಿಗಳಿಂದ ಶುರು ಮಾಡ್ತೀನಿ.

ಕಸಬಾ ಅಂದರೆ ಹಳೇ ಊರು. ಬಹಮನಿ ಕಾಲದ ಕೋಟೆ, ಕೋಟೆಗೆ ಹೊಂದಿದ ಕೆರೆ, ಕೆರೆಯ ನಡುವೆ ಸಿದ್ಧರಾಮನ ಗುಡಿ, ಎಲ್ಲವೂ ನಡೆದು ಹೋಗುವಷ್ಟು ದೂರ. 1877ರಲ್ಲಿ ಮೊದಲ ಬಟ್ಟೆಗಿರಣಿ ಬಂದ ಮೇಲೆ ಊರಿನ ಗದ್ದಲ ಹೊರಗೆ ಹರಡಿತು. ವಾಡೆಗಳ ಈ ಓಣಿಗಳು ಮಾತ್ರ ತಮ್ಮಷ್ಟಕ್ಕೆ ಉಳಿದವು. ವರ್ಷದ ಹೆಚ್ಚಿನ ದಿನ ಇಲ್ಲಿ ರಾತ್ರಿ ಬೇಗ ಆಗ್ತದೆ.

ಸಂಕ್ರಾಂತಿಯ ಜಾತ್ರೆ ಬಂತೆಂದರೆ ಲೆಕ್ಕವೇ ಬೇರೆ. ಹಿರೇಹಬ್ಬು ವಾಡೆಯಿಂದ ಏಳು ನಂದಿಧ್ವಜಗಳು ಹೊರಡುತ್ತವೆ. ಬಾಸಿಂಗ, ಕೊಬ್ಬರಿ ಹಾರ ಕಟ್ಟಿದ ಎತ್ತರದ ಕಂಬಗಳು. ಹೊರುವವರು ಬಿಳೀ ಬಾರಾಬಂದಿ ತೊಟ್ಟಿರುತ್ತಾರೆ. ಹೋಮದ ರಾತ್ರಿ ನಾಗಫಣಾ ಕಟ್ಟಿದ ನಂದಿಧ್ವಜ ಬರುವಾಗ ಈ ಇಕ್ಕಟ್ಟಿನ ಓಣಿಯೇ ಅದಕ್ಕೆ ಸರಿಯಾದ ರಂಗ ಅನ್ನಿಸ್ತದೆ. ಶಿಲ್ಪಕಲೆ ಅಂದರೆ ಕಲ್ಲಷ್ಟೇ ಅಂದುಕೊಂಡವರು ಇದನ್ನು ಒಮ್ಮೆ ನೋಡಬೇಕು.

ಕಥೆ ತಮಗೆ ಗೊತ್ತಿರಬಹುದು: ಸಿದ್ಧರಾಮನನ್ನೇ ವರಿಸಬೇಕೆಂದ ಕುಂಬಾರರ ಹುಡುಗಿಗೆ ಅವನ ಯೋಗದಂಡದ ಜೊತೆ ಮದುವೆ. ನಂದಿಧ್ವಜ ಆ ದಂಡದ ರೂಪ. ಮದುವೆಯ ಅಕ್ಷತೆ ಬೀಳುವುದು ಹಗಲಲ್ಲಿ, ಗುಡಿಯ ಸಮ್ಮತಿ ಕಟ್ಟೆಯಲ್ಲಿ. ಅಲ್ಲಿ ಓದುವ ಸಮ್ಮತಿ ಕನ್ನಡದ್ದು. ಮರಾಠಿ, ತೆಲುಗು, ಉರ್ದು ಮನೆಮಾತಿನ ಈ ಊರಿನ ಜನಸಾಗರ ಆ ಹೊತ್ತಿಗೆ ಕನ್ನಡಕ್ಕೆ ಕಿವಿಗೊಟ್ಟು ನಿಂತಿರುತ್ತದೆ.

ಇನ್ನೂ ಸೋಜಿಗದ್ದು ಮರಾಠಿ ಪತ್ರಿಕೆಗಳ ಜಾತ್ರೆ ಸುದ್ದಿ. ಅರವತ್ತೆಂಟು ಲಿಂಗಗಳ ತೈಲಾಭಿಷೇಕಕ್ಕೆ ಅವು ಬರೆಯುವ ಪದ ‘ಯಣ್ಣಿಮಜ್ಜನ’. ನಮ್ಮ ಎಣ್ಣೆಮಜ್ಜನವೇ! ‘ಮಜ್ಜನ’ ನಮಗೆ ವಚನಗಳ ಪುಟದಲ್ಲಿ ಸಿಗುವ ಮಾತು. ಬೆಂಗಳೂರಿನ ದಿನಬಳಕೆಯಲ್ಲಿ ಯಾರು ಆಡ್ತಾರೆ ಹೇಳಿ? ಕೊನೆಯ ದಿನ ನಂದಿಧ್ವಜದ ವಸ್ತ್ರ ಬಿಚ್ಚುವುದಕ್ಕೆ ‘ಕಪ್ಪಡಕಳ್ಳಿ’ ಅಂತಾರೆ. ಕಪ್ಪಡ ಅಂದರೆ ಬಟ್ಟೆ, ಕಳೆ ಅಂದರೆ ತೆಗೆ ಅಂತಲೇ ನಾನು ಬಿಡಿಸಿಕೊಳ್ತೀನಿ.

ಇದನ್ನು ‘ನೋಡಿ, ಊರು ನಮ್ಮದು’ ಅನ್ನಲು ಬಳಸುವುದು ನನಗೆ ಒಪ್ಪಿಗೆಯಿಲ್ಲ. ಆ ಪದಗಳನ್ನು ಇಷ್ಟು ಕಾಲ ಕಾಪಾಡಿದವರಲ್ಲಿ ಮರಾಠಿಗರೂ ಇದ್ದಾರೆ. ನನ್ನ ಆತಂಕ ಬೇರೆ. ಉಚ್ಚಾರ ಉಳಿದು ಅರ್ಥ ಜಾರಿದರೆ ‘ಯಣ್ಣಿ’ ಮುಂದೆ ಬರೀ ಸದ್ದಾಗುತ್ತದೆ. ಸೊಲ್ಲಾಪುರದಲ್ಲೇ ಹುಟ್ಟಿದ ಜಯದೇವಿತಾಯಿ ಲಿಗಾಡೆ ಸಿದ್ಧರಾಮನ ಮೇಲೆ ಕನ್ನಡ ಮಹಾಕಾವ್ಯ ಬರೆದರು, 1974ರ ಮಂಡ್ಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಅವರನ್ನು ಓದುವಾಗಲೂ ನಾವು ಈ ಓಣಿಗಳನ್ನು ಪಕ್ಕಕ್ಕಿಡುತ್ತೇವೆ. ಹಾಗಾಗಿ ನನ್ನ ಮುಂದಿನ ಕೆಲಸ ಇಷ್ಟು: ಸಮ್ಮತಿಯನ್ನು ಕಟ್ಟೆಯ ಮೇಲೆ ಕೇಳಿದ ಹಾಗೇ ಬರೆದುಕೊಂಡು, ಸಿದ್ಧರಾಮನ ವಚನಗಳ ಜೊತೆಗಿಟ್ಟು ಓದುವುದು.